‘1978ರ’ ಜಪಾನ್ ಬೇಸ್ ಗಿಟಾರ್, 38,000 ಹೇಳ್ತಿದ್ದಾರೆ. ತಗೊಳ್ಳಬಹುದಾ?

ದಿವ್ಯಾ_ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಆಫೀಸಿನ ಬ್ಯಾಂಡಲ್ಲಿ ಬೇಸ್ ನುಡಿಸ್ತಿದೀನಿ. ಈಗ ಇರೋದು ಕಲಿಯೋರಿಗೆ ಅಂತ ಮಾರೋ ಹೊಸ ಗಿಟಾರು. ಕೆಟ್ಟದ್ದೇನಲ್ಲ, ಆದರೆ ಎಷ್ಟು ನುಡಿಸಿದರೂ ಅದಕ್ಕೂ ನನಗೂ ಸ್ನೇಹ ಆಗಲಿಲ್ಲ. ಒಂದು ಹಳೇ ಬೇಸ್ ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋಣ ಅಂತ ಮೂರು ತಿಂಗಳಿಂದ ಹುಡುಕ್ತಿದೀನಿ. ಬಜೆಟ್ 40,000. ತಂತಿ, ರಿಪೇರಿ ಎಲ್ಲ ಅದರಲ್ಲೇ ಮುಗೀಬೇಕು.

ಬನಶಂಕರಿ ಕಡೆ ಒಬ್ಬರು ಜಾಹೀರಾತು ಹಾಕಿದ್ದಾರೆ: ‘ವಿಂಟೇಜ್ ಇಬಾನೆಜ್ ರೋಡ್‌ಸ್ಟಾರ್ ಟು, 1978, ಮೇಡ್ ಇನ್ ಜಪಾನ್, ಲಾಸೂಟ್ ಮಾಡೆಲ್, ವೆರಿ ರೇರ್’. 38,000 ಹೇಳ್ತಿದ್ದಾರೆ. ನಾಲ್ಕೇ ಫೋಟೋ ಕಳಿಸಿದ್ರು. ಬಾಡಿ ಕುಂಕುಮದ ಕೆಂಪು, ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಭಾಗ) ಕೆಳಗೆ ಪೂರ್ತಿ ಗೀರು. ಬೆಲ್ಟ್ ಸಿಕ್ಕಿಸೋ ಗುಬುಟು ಯಾರೋ ಬೇರೆ ಜಾಗಕ್ಕೆ ಹಾಕಿದ್ದಾರೆ, ಹಳೇ ತೂತು ಹಾಗೇ ಇದೆ. ತಂತಿ ಬಿಗಿಸೋ ನಾಲ್ಕು ಕಿವಿಗಳಲ್ಲಿ ಒಂದು ಮಾತ್ರ ಬೇರೆ ಥರ ಇದೆ. ಹಿಂದುಗಡೆ ನೆಕ್ ಸೇರೋ ಕಡೆ ಒಂದು ಲೋಹದ ಪ್ಲೇಟಿದೆ, ಅದರ ಮೇಲೆ ಇಂಗ್ಲಿಷಿನ ‘ಇ’ ಅಕ್ಷರ, ಆಮೇಲೆ 84, ಆಮೇಲೆ ಇನ್ನೂ ನಾಲ್ಕಂಕಿ. ತಂತಿಯ ಕಂಪನ ಹಿಡಿಯೋ ಪಿಕಪ್ ಎರಡು, ನಡುವೆ ಒಂದು ಪಿ (ಪ್ರಿಸಿಷನ್) ಥರದ್ದು, ಬ್ರಿಡ್ಜ್ ಕಡೆಗೊಂದು ಜೆ (ಜಾಝ್) ಥರದ್ದು.

ನಿಜವಾಗಲೂ 1978ರದ್ದೇನಾ? ಈ ರೇಟು ಸರೀನಾ? ಹೋಗಿ ನೋಡಿದರೆ ಏನೇನು ನೋಡಬೇಕು? ನನಗೆ ಸೋಲ್ಡರಿಂಗ್ ಕೂಡ ಬರಲ್ಲ, ಮೊದಲೇ ಹೇಳಿಬಿಡ್ತೀನಿ.

ಹುಬ್ಬಳ್ಳಿ_ನಾಕ್_ತಂತಿ

ಅಕ್ಕಾರ, ನನ್ನ ಮಾತ ಕೇಳ್ರಿ, ಹೊಸಾದು ತಗೋರಿ. ಹಳೇ ಗಿಟಾರ ಅಂದ್ರ ಹಳೇ ಸ್ಕೂಟರ ಇದ್ಧಂಗ. ಇವತ್ತ ಕಾರ್ಬೊರೇಟರ, ನಾಳೆ ಕ್ಲಚ್ ಕೇಬಲ್. ನಾ ಒಂದ್ಸಲ ‘ವಿಂಟೇಜ್’ ಅಂತ ತಗೊಂಡು ಕೈ ಸುಟ್ಕೊಂಡೀನಿ. ಈಗ ಅದು ಗ್ವಾಡಿ ಮ್ಯಾಲೆ ತೂಗಾಡ್ತೈತಿ, ಬಂದವ್ರು ‘ಭಾಳ ಛಂದ ಐತ್ರಿ’ ಅಂತಾರ. ಅಷ್ಟ ಅದರ ಉಪಯೋಗ.

ಮಲ್ನಾಡ್_ರಸಮಂಜರಿ

ದಿವ್ಯಾ ಅವರೆ, ಮೊದಲು ವಯಸ್ಸಿನ ವಿಷಯ ಮುಗಿಸಿಬಿಡೋಣ. ಅದು 1978ರದ್ದಲ್ಲ. ಆ ಕಾಲದಲ್ಲಿ ಜಪಾನಿಂದ ಬಂದ ಇಬಾನೆಜ್ ನಂಬರಿನಲ್ಲಿ ಮೊದಲ ಅಕ್ಷರ ತಿಂಗಳು, ಮುಂದಿನ ಎರಡಂಕಿ ವರ್ಷ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ನೀವು ಹೇಳಿದ ಇ, 84 ಅಂದರೆ 1984ರ ಮೇ ತಿಂಗಳು. ರೋಡ್‌ಸ್ಟಾರ್ ಟು ಅನ್ನೋ ಹೆಸರೇ 80ರ ದಶಕದ್ದು. 78ರಲ್ಲಿ ಆ ಕೂಸಿಗೆ ನಾಮಕರಣವೇ ಆಗಿರಲಿಲ್ಲ.

ಹಾಗಂತ ಮಾರೋನು ಕಳ್ಳ ಅಂತ ತೀರ್ಮಾನ ಮಾಡಬೇಡಿ. ಅವನಿಗೆ ಮಾರಿದವನು ಹೇಳಿದ್ದನ್ನೇ ಅವನು ನಿಮಗೆ ಹೇಳ್ತಿರಬಹುದು. ‘ಲಾಸೂಟ್’ ಅನ್ನೋ ಮಾತೂ ಅಂಥದ್ದೇ. ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್ ಆಗ ನಾರ್ಲಿನ್ ಅನ್ನೋ ಕಂಪನಿಯ ಕೈಯಲ್ಲಿತ್ತು. ಅವರು 1977ರಲ್ಲಿ, ಅಮೆರಿಕದಲ್ಲಿ ಇಬಾನೆಜ್ ಮಾರ್ತಿದ್ದ ಎಲ್ಗರ್ ಕಂಪನಿ ಮೇಲೆ ಕೇಸು ಹಾಕಿದ್ರು. ತಕರಾರು ಇದ್ದದ್ದು ಗಿಬ್ಸನ್ನಿನ ಹಾಗೇ ನಕಲು ಮಾಡಿದ ತಲೆಯ ಆಕಾರಕ್ಕೆ, ಅದೇ, ಕಿವಿಗಳು ಕೂರೋ ಹೆಡ್‌ಸ್ಟಾಕು. ಮರುವರ್ಷ ಕೋರ್ಟಿನ ಹೊರಗೇ ರಾಜಿ ಆಯ್ತು. ಅಷ್ಟು ಸಣ್ಣ ಜಗಳದ ಹೆಸರನ್ನ ಈಗ 70ರ ದಶಕದ ಜಪಾನಿನ ಎಲ್ಲ ನಕಲಿಗೂ ಅಂಟಿಸಿ ಐದು ಸಾವಿರ ಜಾಸ್ತಿ ಕೇಳ್ತಾರೆ. 84ರ ರೋಡ್‌ಸ್ಟಾರಿಗೂ ಆ ಕೇಸಿಗೂ ಯಾವ ನಂಟೂ ಇಲ್ಲ. ಅದು ಯಾರ ನಕಲೂ ಅಲ್ಲ, ಸ್ವಂತ ಮುಖ ಇರೋ ಗಿಟಾರು.

ಈಗ ನನ್ನ ಕಥೆ. ನಾನು ಶಿವಮೊಗ್ಗದಲ್ಲಿ 1985ರಿಂದ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸ್ತಿದ್ದೆ. ಗಣಪತಿ ಹಬ್ಬ, ರಾಜ್ಯೋತ್ಸವ, ಜಾತ್ರೆ ಅಂತ ತೀರ್ಥಹಳ್ಳಿಯಿಂದ ದಾವಣಗೆರೆವರೆಗೆ ಎಲ್ಲಿ ಪೆಂಡಾಲು ಹಾಕಿದ್ರೂ ನಮ್ಮ ವ್ಯಾನು ಅಲ್ಲಿರ್ತಿತ್ತು. ಆಗ ಹೊರದೇಶದ ವಾದ್ಯ ಬೇಕು ಅಂದರೆ ಗಲ್ಫಿಂದ ಯಾರಾದ್ರೂ ತರಬೇಕು, ಇಲ್ಲ ಬೊಂಬಾಯಿಗೆ ಹೋಗಿ ಕೈ ಕೈ ಹಿಸುಕಿಕೊಳ್ಳಬೇಕು. ತಂತಿ ಕೂಡ ಸಿಗ್ತಿರಲಿಲ್ಲ. ಸತ್ತುಹೋದ ತಂತೀನ ನೀರಲ್ಲಿ ಕುದಿಸಿ, ಒರೆಸಿ, ಒಣಗಿಸಿ ಮತ್ತೆ ಹಾಕ್ತಿದ್ವಿ. ಸುರುಳಿ ಸಂದಿಯಲ್ಲಿ ಕೂತ ಬೆವರು, ಕೊಳೆ ಎಲ್ಲ ಬಿಟ್ಟು ಹತ್ತು ಹದಿನೈದು ದಿನ ಮತ್ತೆ ಗಣಗಣ ಅಂತಿತ್ತು. ಒಮ್ಮೆ ಸಾರಿನ ಪಾತ್ರೆಯಲ್ಲೇ ಕುದಿಸಿದ್ದಕ್ಕೆ ನಮ್ಮಮ್ಮ ಎರಡು ದಿನ ಊಟಕ್ಕೆ ಕರೀಲಿಲ್ಲ.

1991ರಲ್ಲಿ ಬೆಂಗಳೂರಲ್ಲಿ ಒಬ್ಬ ‘1962ರ ಫೆಂಡರ್ ಜಾಝ್ ಬೇಸ್’ ಅಂತ ತೋರಿಸಿದ. 9,000 ರೂಪಾಯಿ. ಆಗ ಅದು ನನಗೆ ಏಳು ತಿಂಗಳ ಪ್ರೋಗ್ರಾಮಿನ ದುಡ್ಡು. ತಲೆ ಮೇಲಿದ್ದ ಹೆಸರು ನೋಡಿದೆ, ಬಣ್ಣ ಸವೆದಿದ್ದು ನೋಡಿದೆ, ಕೊಟ್ಟೆ. ಮನೆಗೆ ಬಂದು ನುಡಿಸಿದರೆ ನೆಕ್ಕಿನ ಕೆಳಗಿನ ಮನೆಗಳಲ್ಲಿ ಸರಿ, ಮೇಲೆ ಹೋದಷ್ಟೂ ಅಪಸ್ವರ. ಬ್ರಿಡ್ಜಿನ ತಿರುಪು ಹಿಂದೆ ಮುಂದೆ ಮಾಡಿ ಮಾಡಿ ಸಾಕಾಯ್ತು. ಕೊನೆಗೆ ಒಬ್ಬ ಬಡಗಿ ಸ್ನೇಹಿತ ಟೇಪು ಹಿಡಿದ. ಫೆಂಡರ್ ಬೇಸಿನ ತಂತಿ ಉದ್ದ 34 ಇಂಚು, ಹಾಗಾಗಿ ನಟ್ಟಿನಿಂದ (ತಲೆ ಹತ್ತಿರ ತಂತಿ ಕೂರೋ ಪಟ್ಟಿ) ಹನ್ನೆರಡನೇ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಸರಿಯಾಗಿ 17 ಇಂಚು ಇರಲೇಬೇಕು. ನನ್ನದರಲ್ಲಿ ಅದಕ್ಕಿಂತ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕಮ್ಮಿ ಇತ್ತು, ಉಳಿದ ಫ್ರೆಟ್ಟುಗಳು ಅಂದಾಜಿಗೆ ಹೊಡೆದ ಹಾಗಿದ್ದವು. ಯಾವುದೋ ಊರಿನ ಶೆಡ್ಡಲ್ಲಿ ಮಾಡಿ, ಹೆಸರಿನ ಸ್ಟಿಕರ್ ಅಂಟಿಸಿ, ಉಪ್ಪುಕಾಗದ ಉಜ್ಜಿ ವಯಸ್ಸು ತರಿಸಿದ್ದು. ಅದನ್ನ ಹನ್ನೊಂದು ವರ್ಷ ನುಡಿಸಿದೆ, ಬೇರೆ ದಾರಿ ಇರಲಿಲ್ಲ. ಏಳನೇ ಫ್ರೆಟ್ಟಿನ ಮೇಲೆ ಕೈ ಹೋಗದ ಹಾಗೆ ಎಲ್ಲ ಹಾಡಿನ ಬೇಸೂ ಬದಲಾಯಿಸಿಕೊಂಡಿದ್ದೆ. ನಮ್ಮ ಕೀಬೋರ್ಡಿನವನು ಅದನ್ನ ನನ್ನ ‘ಶೈಲಿ’ ಅಂದುಕೊಂಡಿದ್ದ.

ಅದಕ್ಕೇ ಹೇಳೋದು, ಹಳೇ ಬೇಸ್ ಕೊಳ್ಳೋಕೆ ಹೋಗಬೇಡಿ, ಒಂದು ನೆಕ್ ಕೊಳ್ಳೋಕೆ ಹೋಗಿ. ಬಣ್ಣ, ಕಿವಿ, ಪಿಕಪ್, ಬ್ರಿಡ್ಜ್, ವೈರು ಎಲ್ಲ ಬದಲಾಯಿಸಬಹುದು. ನೆಕ್ ಸೊಟ್ಟಗಾದರೆ ಆ ಗಿಟಾರಿನ ಕಥೆ ಮುಗೀತು. ನಾಲ್ಕು ತಂತಿ ಸೇರಿ ಹತ್ತಿರ ಹತ್ತಿರ 75 ಕೆ.ಜಿ. ಎಳೆತ ಇರುತ್ತೆ, ಹಗಲೂ ರಾತ್ರಿ. ನಲವತ್ತು ವರ್ಷ ಒಬ್ಬ ದಪ್ಪ ಮನುಷ್ಯ ನೇತಾಡಿದ ಕೊಂಬೆ ಅಂದುಕೊಳ್ಳಿ. ಅದು ಇವತ್ತಿಗೂ ನೆಟ್ಟಗಿದೆ ಅಂದರೆ ಇನ್ನು ಮುಂದೆಯೂ ಇರುತ್ತೆ. ಹಳೇದರ ಲಾಭ ನಿಜವಾಗಿ ಇದೇ. ಹೊಸ ನೆಕ್ ಮುಂದೆ ಏನಾಗುತ್ತೆ ಅಂತ ಅಂಗಡಿಯವನಿಗೂ ಗೊತ್ತಿಲ್ಲ.

ನೋಡೋದು ಹೀಗೆ. ಬಡಗಿ ರೀಪರ್ ಪಟ್ಟಿ ನೋಡೋ ಹಾಗೆ ಒಂದು ಕಣ್ಣು ಮುಚ್ಚಿ ತಲೆ ಕಡೆಯಿಂದ ಉದ್ದಕ್ಕೆ ನೋಡಿ. ನೆಕ್ಕಿನ ಎರಡು ಅಂಚೂ ಒಟ್ಟಿಗೆ ಹೋಗಬೇಕು. ಒಂದು ಅಂಚು ಏಳ್ತಾ ಇನ್ನೊಂದು ಇಳೀತಾ ಇದ್ದರೆ ತಿರುಚಿಕೊಂಡಿದೆ ಅಂತ ಅರ್ಥ. ‘ಕಾಫಿ ಚೆನ್ನಾಗಿತ್ತು’ ಅಂತ ಹೇಳಿ ಎದ್ದು ಬನ್ನಿ. ತಿರುಚಿಲ್ಲ ಅಂದರೆ, ದಪ್ಪ ತಂತೀನ ಮೊದಲ ಫ್ರೆಟ್ಟಲ್ಲಿ ಒಂದು ಕೈಯಿಂದ, ನೆಕ್ಕು ಬಾಡಿ ಸೇರೋ ಜಾಗದಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡೀರಿ. ಈಗ ಏಳೆಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿ ಇದ್ದರೆ ಒಳ್ಳೇದು. ಬೆರಳೇ ತೂರುವಷ್ಟಿದ್ದರೆ ನೆಕ್ ಬಿಲ್ಲಾಗಿದೆ. ಸಂದಿಯೇ ಇಲ್ಲ ಅಂದರೆ ಹಿಂದಕ್ಕೆ ಬಾಗಿದೆ. ಎರಡನ್ನೂ ನೆಕ್ಕಿನ ಒಳಗಿರೋ ಟ್ರಸ್ ರಾಡ್ ಅನ್ನೋ ಲೋಹದ ಸಲಾಕೆ ತಿರುಗಿಸಿ ಸರಿ ಮಾಡಬಹುದು, ಆದರೆ ರಾಡು ತಿರುಗಬೇಕಲ್ಲ! ತಲೆ ಮೇಲೆ ಒಂದು ಸಣ್ಣ ಮುಚ್ಚಳ ಇರುತ್ತೆ, ಅದರ ಕೆಳಗಿದೆ ರಾಡು ತಿರುಗಿಸೋ ನಟ್ಟು. ಮಾರೋರ ಕೈಯಲ್ಲೇ ಕಾಲು ಸುತ್ತು ತಿರುಗಿಸಿ ಅಂತ ಕೇಳಿ, ನೀವು ಮುಟ್ಟಬೇಡಿ. ‘ಬೇಡ ಬೇಡ, ಅದನ್ನ ಮುಟ್ಟಬಾರದು’ ಅಂತ ಗಾಬರಿಯಾದರೆ, ಅದು ತುಕ್ಕು ಹಿಡಿದು ಕೂತಿದೆ ಅಂತಲೇ ಲೆಕ್ಕ ಹಾಕಿ ಚೌಕಾಸಿ ಮಾಡಿ.

ಮೇಲೆ ಹೇಳಿದ 17 ಇಂಚನ್ನೂ ಟೇಪು ಹಿಡಿದು ನೋಡಿ. ಅದು ನನ್ನ ಸಮಾಧಾನಕ್ಕೆ.

ಆಮೇಲೆ ಕರೆಂಟಿನ ಭಾಗ. ಬ್ಯಾಟರಿ ಇಲ್ಲದ ಗಿಟಾರಾದರೆ ಸುಲಭ. (ಬ್ಯಾಟರಿ ಇರೋ 80ರ ದಶಕದ ಬೇಸುಗಳಿಂದ ದೂರ ಇರಿ. ಒಳಗಿನ ಸರ್ಕೀಟು ಸತ್ತರೆ ಅದೇ ಭಾಗ ಹುಡುಕೋಕೆ ಕಾಶಿಗೆ ಹೋಗಬೇಕು.) ಒಂದು ಮಲ್ಟಿಮೀಟರ್ ಒಯ್ಯಿರಿ, ಎಸ್.ಪಿ. ರೋಡಲ್ಲಿ ಸಿಗೋ ಅಗ್ಗದ್ದೇ ಸಾಕು. ಕೇಬಲ್ಲಿನ ಒಂದು ತುದಿ ಗಿಟಾರಿಗೆ ಹಾಕಿ. ಇನ್ನೊಂದು ತುದಿಯ ಮೊನೆಗೆ ಮೀಟರಿನ ಒಂದು ಮುಳ್ಳು, ಬುಡಕ್ಕೆ ಇನ್ನೊಂದು. ಪಿ ಪಿಕಪ್ಪಿನ ವಾಲ್ಯೂಮ್ ಪೂರ್ತಿ, ಜೆ ಸೊನ್ನೆ: ಸುಮಾರು 10 ಕಿಲೋ ಓಮ್ ತೋರಿಸಬೇಕು. ಉಲ್ಟಾ ಮಾಡಿದರೆ ಏಳೆಂಟು. ಸ್ವಲ್ಪ ಹೆಚ್ಚು ಕಮ್ಮಿ ಇದ್ದರೆ ಪರವಾಗಿಲ್ಲ. ಆದರೆ ನೂರರ ಮೇಲೆ ಹೋಯ್ತು ಅಂದರೆ, ಮೀಟರಿಗೆ ಪಿಕಪ್ ಕಾಣಿಸ್ತಾನೇ ಇಲ್ಲ, ಬರೀ ವಾಲ್ಯೂಮ್ ಪಾಟನ್ನ (ಗುಬುಟಿನ ಕೆಳಗಿರೋ ಭಾಗ) ಅಳೀತಿದೆ ಅಂತ. ಗುಬುಟು ತಿರುಗಿಸಿದಾಗ ಕರಕರ ಶಬ್ದ ಬಂದರೆ ಹೆದರಬೇಡಿ, ಸ್ಪ್ರೇ ಹೊಡೆದರೆ ಹೋಗುತ್ತೆ. ಚೌಕಾಸಿ ಮಾಡುವಾಗ ಮಾತ್ರ ಹೆದರಿದ ಹಾಗೆ ಮುಖ ಮಾಡಿ.

ಫ್ರೆಟ್ಟಿನ ಮೇಲೆ ತಂತಿ ಕೊರೆದ ಗುಳಿ ಇದೆಯಾ ನೋಡಿ, ಐದರಿಂದ ಒಂಬತ್ತನೇ ಫ್ರೆಟ್ಟಿನವರೆಗೆ. ಉಗುರಿಗೆ ತಗಲುವಷ್ಟಿದ್ದರೆ ಸಾಣೆ ಹಿಡಿಸಬಹುದು. ಹಳ್ಳವೇ ಬಿದ್ದಿದ್ದರೆ ಫ್ರೆಟ್ ಬದಲಾಯಿಸೋ ಖರ್ಚು ದೊಡ್ಡದು, ಆಗ ಬಜೆಟ್ಟಿನ ಲೆಕ್ಕವೇ ತಪ್ಪುತ್ತೆ.

ಇನ್ನು ನೀವು ಸಂಕೋಚದಿಂದ ಬರೆದ ಮೂರು ವಿಷಯ: ಗೀರು, ಹಳೇ ತೂತು, ಒಂದು ಕಿವಿ ಬೇರೆ. ಅವೇ ನಿಮ್ಮ ಅದೃಷ್ಟ. ಗಾಜಿನ ಕಪಾಟಲ್ಲಿ ಇಡೋ ಜನಕ್ಕೆ ಅವು ಕಳಂಕ, ನುಡಿಸೋರಿಗೆ ಲೆಕ್ಕಕ್ಕೇ ಇಲ್ಲ. ಹಳೇ ಫೆಂಡರಿಗೆ ಮತ್ತೆ ಬಣ್ಣ ಹೊಡೆಸಿದ್ದರೆ ಬೆಲೆ ಅರ್ಧದ ಹತ್ತಿರಕ್ಕೆ ಇಳಿಯುತ್ತೆ ಅಂತ ಹೊರದೇಶದ ವ್ಯಾಪಾರಿಗಳು ಲೆಕ್ಕ ಹಾಕ್ತಾರೆ. ಧ್ವನಿ ಅರ್ಧ ಆಗುತ್ತಾ? ನಲವತ್ತು ಸಾವಿರದಲ್ಲಿ ಹಳೇದು ಬೇಕು ಅಂದರೆ ಇಂಥ ಹುಟ್ಟುಮಚ್ಚೆಗಳನ್ನೇ ಹುಡುಕಬೇಕು. ಹೆಸರೂ ಅಷ್ಟೇ. ಎಲ್ಲರೂ ಬಯಸೋ ಹೆಸರಿಗೆ ಹೋಗಬೇಡಿ. ಇಬಾನೆಜ್ ರೋಡ್‌ಸ್ಟಾರ್, ಯಮಾಹಾ ಬಿಬಿ, ಆರಿಯಾ ಪ್ರೊ ಟು, ವೆಸ್ಟೋನ್, ಕೊರಿಯಾದಿಂದ ಬಂದ ಹೊಹ್ನರ್. ಇವು ಸಿಕ್ಕರೆ ನಿಂತು ನೋಡಿ. 1985ರಲ್ಲಿ ನ್ಯೂಯಾರ್ಕಿನ ಪ್ಲಾಝಾ ಹೋಟೆಲಲ್ಲಿ ಐದು ದೇಶಗಳು ಕೂತು ಮಾಡಿಕೊಂಡ ಒಪ್ಪಂದದಿಂದ ಯೆನ್ ಬೆಲೆ ಸರ್ರಂತ ಏರಿತು. ಜಪಾನಿನ ಅಗ್ಗದ ಗಿಟಾರು ಕೆಲಸ ಎಲ್ಲ ಕೊರಿಯಾಕ್ಕೆ ಹೋಯ್ತು. ಅದಕ್ಕಿಂತ ಸ್ವಲ್ಪ ಮುಂಚೆ, ಒಳ್ಳೇ ಕೈಗಳು ಅಗ್ಗದ ಗಿಟಾರನ್ನೂ ಮಾಡ್ತಿದ್ದ ಕಾಲ. ನಿಮ್ಮ 84ರ ಕೂಸು ಆ ಕೊನೇ ಪಂಕ್ತಿಯಲ್ಲಿ ಕೂತಿದ್ದು. ಸುಳ್ಳು ಹೇಳಿದ 78ಕ್ಕಿಂತ ನಿಜವಾದ 84 ನನಗೆ ಮೇಲು.

ರೇಟು: ನಾನಾದರೆ 30ರ ಮೇಲೆ ಹೋಗಲ್ಲ. ಒಂದು ರೂಪಾಯಿ ಅಡ್ವಾನ್ಸೂ ಕಳಿಸಬೇಡಿ. ಮೊದಲು ಕೈಯಲ್ಲಿ ಹಿಡೀರಿ. ಬೆಲ್ಟ್ ಹಾಕಿಕೊಂಡು ಹದಿನೈದು ನಿಮಿಷ ನಿಂತು ನೋಡಿ. ಭುಜ ಸುಳ್ಳು ಹೇಳಲ್ಲ.

ಹುಬ್ಬಳ್ಳಿ_ನಾಕ್_ತಂತಿ

ಸರ, ನನ್ನ ಗ್ವಾಡಿ ಮ್ಯಾಲಿಂದ ಇಳಿಸಿ ಟೇಪ್ ಹಿಡದೆ. ಹದಿನಾರೂ ಮುಕ್ಕಾಲು ಇಂಚು. ಒಂದು ನೂಲ ಅಲ್ರಿ, ಎರಡು ನೂಲ. ಮತ್ತ ಅಲ್ಲೇ ತೂಗಹಾಕೀನಿ.

ಶಿಯೊಜಿರಿ_ಕನ್ನಡಿಗ

ಈ ಚರ್ಚೆ ಓದಿ ಸುಮ್ಮನಿರೋಕೆ ಆಗಲಿಲ್ಲ. ನಾನಿರೋದು ಜಪಾನಿನ ನಾಗಾನೊದಲ್ಲಿ, ಪಕ್ಕದ ಊರೇ ಮಾತ್ಸುಮೊತೊ. ದಿವ್ಯಾ ಅವರು ನೋಡ್ತಿರೋ ಥರದ ಇಬಾನೆಜ್ ಮಾಡ್ತಿದ್ದ ಫುಜಿಗೆನ್ ಇದೇ ಊರಿನದು, 1960ರಲ್ಲಿ ಶುರುವಾಗಿದ್ದು, ಇವತ್ತಿಗೂ ಗಿಟಾರ್ ಮಾಡ್ತಾರೆ. 1982ರಲ್ಲಿ ಫೆಂಡರಿನವರು ಜಪಾನಲ್ಲಿ ಗಿಟಾರ್ ಮಾಡಿಸೋಕೆ ಬಂದಾಗಲೂ ಕೆಲಸ ಸಿಕ್ಕಿದ್ದು ಇವರಿಗೇ. ಇದೇ ಊರಲ್ಲಿ ಮಾತ್ಸುಮೊಕು ಅಂತ ಇನ್ನೊಂದು ಕಾರ್ಖಾನೆ ಇತ್ತು. ಅವರ ಮೊದಲ ಕಸುಬು ಏನು ಗೊತ್ತಾ? ಸಿಂಗರ್ ಹೊಲಿಗೆ ಯಂತ್ರದ ಮರದ ಪೆಟ್ಟಿಗೆ. ಆ ಮರಗೆಲಸದ ಕೈಗಳೇ ಆಮೇಲೆ ಆರಿಯಾ ಪ್ರೊ ಟು, ವೆಸ್ಟೋನ್ ಎಲ್ಲ ಮಾಡಿದ್ದು. 1987ರಲ್ಲಿ ಮುಚ್ಚಿತು. ನಮ್ಮಜ್ಜಿ ಮನೆಯಲ್ಲಿ ಸಿಂಗರ್ ಮಿಷನ್ ಇತ್ತು. ಅದು ಜಪಾನಿಂದ ಬಂದದ್ದಲ್ಲ ಬಿಡಿ, ಆದರೂ ನನ್ನ ಆರಿಯಾ ಬೇಸಿನ ನೆಕ್ ಹಿಡಿದಾಗಲೆಲ್ಲ ಅದೇ ನೆನಪು.

ಆ ಆರಿಯಾ ಸಿಕ್ಕಿದ್ದು ಹಾರ್ಡ್ ಆಫ್ ಅನ್ನೋ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ. ಜಪಾನಿನ ಉದ್ದಗಲಕ್ಕೂ ಇವರ ಅಂಗಡಿಗಳಿವೆ. ಒಳಗೆ ‘ಜಂಕ್’ ಅಂತ ಒಂದು ಮೂಲೆ ಇರುತ್ತೆ. ಅಲ್ಲಿ ತಗೊಂಡದ್ದನ್ನ ವಾಪಸ್ ಕೊಡೋ ಹಾಗಿಲ್ಲ, ಅದಕ್ಕೇ ಅಗ್ಗ. ನಾನು ಕೊಟ್ಟಿದ್ದು 12,000 ಯೆನ್. ಚೀಟಿಯಲ್ಲಿ ‘ಶಬ್ದ ಬರುವುದಿಲ್ಲ’ ಅಂತ ಬರೆದಿದ್ರು. ಜ್ಯಾಕಿನ ಒಂದು ವೈರು ಕಿತ್ತುಹೋಗಿತ್ತು, ಅಷ್ಟೇ. ಹಾಗಂತ ಯಾವಾಗಲೂ ಅಷ್ಟೇ ಅಂದುಕೊಳ್ಳಬೇಡಿ. ಅದಕ್ಕೂ ಮುಂಚೆ ತಂದ ಒಂದರ ನೆಕ್ ಬಾಳೆಹಣ್ಣಿನ ಹಾಗಿತ್ತು.

ಇಲ್ಲಿಂದ ತರಿಸಿಕೊಳ್ಳೋ ಯೋಚನೆ ಇರೋರಿಗೆ ಒಂದು ಮಾತು. ಗಿಟಾರಿನ ಬೆಲೆ ನೋಡಿ ಖುಷಿಪಡಬೇಡಿ. ಉದ್ದದ ಪೆಟ್ಟಿಗೆ, ಹಾಗಾಗಿ ಸಾಗಣೆ ಖರ್ಚು ಜಾಸ್ತಿ. ಅದರ ಮೇಲೆ ಅಲ್ಲಿ ಸುಂಕ. ಕೆಲವು ಸಲ ಇವೆರಡೇ ಗಿಟಾರಿಗಿಂತ ಹೆಚ್ಚಾಗುತ್ತೆ. ಊರಿಗೆ ಬರೋ ಯಾರಾದ್ರೂ ಕೈಯಲ್ಲಿ ತಂದರೆ ಲೇಸು, ಸುಂಕದ ನಿಯಮ ಮಾತ್ರ ಮೊದಲೇ ನೋಡಿಕೊಂಡು ಹೊರಡಲಿ. ಹಳೇ ಬೇಸಿನ ಕಪ್ಪು ಫಿಂಗರ್‌ಬೋರ್ಡ್ ಸಾಮಾನ್ಯವಾಗಿ ರೋಸ್‌ವುಡ್, ಅಂದರೆ ನಮ್ಮ ಬೀಟೆಯ ಬಳಗ. 2017ರ ಜನವರಿಯಿಂದ ಎರಡು ಮೂರು ವರ್ಷ, ಆ ಮರ ಇರೋ ವಾದ್ಯವನ್ನ ಗಡಿ ದಾಟಿಸಿ ಮಾರಬೇಕಾದರೆ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರ ಬೇಕಿತ್ತು. ಪೂರ್ತಿ ಮಾಡಿ ಮುಗಿಸಿದ ವಾದ್ಯಗಳಿಗೆ, ಹಳೇದಾಗಲಿ ಹೊಸದಾಗಲಿ, 2019ರ ನವೆಂಬರಿನಿಂದ ಆ ಕಟ್ಟು ಸಡಿಲ ಆಗಿದೆ. ಬ್ರೆಜಿಲಿನ ರೋಸ್‌ವುಡ್ಡಿಗೆ ಮಾತ್ರ ಇವತ್ತಿಗೂ ಬಿಗಿ. ಆದರೆ ನಾವು ಮಾತಾಡ್ತಿರೋ ಬೆಲೆಯ ಗಿಟಾರಲ್ಲಿ ಆ ಮರ ಎಲ್ಲಿಂದ ಬರಬೇಕು!

ಮಲ್ನಾಡ್_ರಸಮಂಜರಿ

ಬೀಟೆ ಅಂದಿರಿ, ಸರಿಯಾಗಿ ಹೇಳಿದ್ರಿ. 60ರ ದಶಕದ ನಡುವಿನಲ್ಲಿ ಫೆಂಡರಿನವರು ಬ್ರೆಜಿಲ್ ಮರ ಬಿಟ್ಟು ಇಂಡಿಯನ್ ರೋಸ್‌ವುಡ್ಡಿಗೆ ಬಂದ್ರು. ಅದು ನಮ್ಮ ಘಟ್ಟದ ಕಾಡಲ್ಲಿ ಬೆಳೆಯೋ ಬೀಟೆ ಜಾತಿಯೇ. ನಮ್ಮ ಮಾವನ ಮನೆಯ ಬಾಗಿಲುವಾಡ ಬೀಟೆಯದ್ದು, ನೂರು ವರ್ಷ ಆಗಿದ್ದರೂ ಕೂದಲೆಳೆ ಅಲುಗಿಲ್ಲ. ಆ ಮರ ಕಡಲು ದಾಟಿ ಹೋಗಿ ಗಿಟಾರಾಗಿ ವಾಪಸ್ ಬಂದು ಬನಶಂಕರಿಯಲ್ಲಿ ಕೂತಿದೆ. ಅದಕ್ಕೆ 38,000 ಅಂತೆ.

ದಿವ್ಯಾ_ರಾಜಾಜಿನಗರ

ಹೋಗಿ ಬಂದೆ! ಉದ್ದ ಬರೀತೀನಿ, ಕ್ಷಮಿಸಿ.

ಶನಿವಾರ ಬೆಳಗ್ಗೆ ಟೇಪು, ಮೀಟರು, ಕೇಬಲ್ಲು, ನನ್ನದೇ ವಿಸಿಟಿಂಗ್ ಕಾರ್ಡು ಎಲ್ಲ ಬ್ಯಾಗಿಗೆ ಹಾಕಿಕೊಂಡು ಹೋದೆ. ಮಾರೋರು ಬಾಗಿಲು ತೆಗೆದ ತಕ್ಷಣ ‘ಯಾರ ಜೊತೆ ಬಂದಿದೀರಿ?’ ಅಂದ್ರು. ‘ಒಬ್ಬಳೇ’ ಅಂದೆ. ‘ಓ, ನಿಮಗೇನಾ?’ ಅಂದ್ರು. ಆ ಒಂದು ಪ್ರಶ್ನೆಗೆ ಎರಡು ಸಾವಿರ ಇಳಿಸಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಒಂದು ಕಣ್ಣು ಮುಚ್ಚಿ ನೋಡಿದೆ. ನನಗೆ ಏನೂ ಗೊತ್ತಾಗಲಿಲ್ಲ, ಎರಡನೇ ಸಲ ಕಿಟಕಿ ಬೆಳಕಿಗೆ ಹಿಡಿದು ನೋಡಿದಾಗ ಅರ್ಥ ಆಯ್ತು. ಎರಡು ಅಂಚೂ ನೆಟ್ಟಗೆ ಹೋಗಿದ್ವು. ಟೇಪು ಹಿಡಿದೆ, 17 ಇಂಚು. ಕಾರ್ಡು ನುಸುಳಲಿಲ್ಲ, ಎರಡು ಕಾರ್ಡು ಸೇರಿಸಿದರೂ ಇನ್ನೂ ಜಾಗ ಇತ್ತು. ಅಂದರೆ ಸ್ವಲ್ಪ ಬಿಲ್ಲಾಗಿದೆ ಅಲ್ವಾ? (ಮೊದಲು ‘ನುಸುಳಲಿಲ್ಲ’ ಅಂತ ಯಾಕೆ ಬರೆದೆನೋ. ನುಸುಳಿತು, ಸಡಿಲವಾಗಿ.) ಟ್ರಸ್ ರಾಡ್ ತಿರುಗಿಸಿ ಅಂದೆ. ಅವರು ಗಾಬರಿ ಆಗಲಿಲ್ಲ, ಒಳಗಿಂದ ಪಾನಾ ತಂದು ಕಾಲು ಸುತ್ತು ತಿರುಗಿಸಿದ್ರು. ಕಿರ್ ಅಂತು, ಆದರೆ ತಿರುಗಿತು. ಐದು ನಿಮಿಷ ಬಿಟ್ಟು ನೋಡಿದರೆ ಎರಡನೇ ಕಾರ್ಡಿಗೆ ಜಾಗ ಇರಲಿಲ್ಲ.

ಮೀಟರು: ಪಿ 10.2. ಜೆ 126! ಸರ್ ಹೇಳಿದ್ದು ನೆನಪಾಗಿ ಎದೆ ಧಸಕ್ಕೆಂದಿತು. ಆಂಪಿಗೆ ಹಾಕಿದ್ರೂ ಅಷ್ಟೇ, ಜೆ ಕಡೆಯಿಂದ ಶಬ್ದವೇ ಇಲ್ಲ. ಅವರಿಗೆ ಗೊತ್ತೇ ಇರಲಿಲ್ಲ ಅಂತ ಅವರ ಮುಖ ನೋಡಿದರೆ ಅನಿಸ್ತು. ಆಂಪೇ ಇಲ್ಲದೆ ಎರಡು ವರ್ಷ ಮಂಚದ ಕೆಳಗಿಟ್ಟಿದ್ರಂತೆ. 1978 ಎಲ್ಲಿಂದ ಬಂತು ಅಂದೆ. ‘ನನಗೆ ಮಾರಿದವರು ಹೇಳಿದ್ದು’ ಅಂದ್ರು. ನಂಬರಿನ ಲೆಕ್ಕ ಹೇಳಿಕೊಟ್ಟೆ. ಪಾಪ, ಬೇಜಾರಾದ್ರು.

ಬೆಲ್ಟ್ ಹಾಕಿ ನಿಂತು ಕಾಲು ಗಂಟೆ ನುಡಿಸಿದೆ. ಪಿ ಪಿಕಪ್ ಒಂದರಲ್ಲೇ. ಏನು ಹೇಳಲಿ, ನನ್ನ ಕೈಯೇ ಬೇರೆ ಥರ ಕೇಳಿಸ್ತು. ಎಲ್ಲಿ ಗಟ್ಟಿ ಒತ್ತಿದೆ, ಎಲ್ಲಿ ಸೋಮಾರಿತನ ಮಾಡಿದೆ ಎಲ್ಲ ಗೊತ್ತಾಗುತ್ತೆ. ಆದರೆ ಮುಖ ಮಾತ್ರ ಹೆದರಿದ ಹಾಗೇ ಇಟ್ಟುಕೊಂಡಿದ್ದೆ.

22ಕ್ಕೆ ಕೇಳಿದೆ, 30 ಅಂದ್ರು, ಒಂದು ಪಿಕಪ್ ಸತ್ತಿದೆಯಲ್ಲ ಅಂದೆ. 26ಕ್ಕೆ ಕೊಟ್ರು. ಗಟ್ಟಿ ಕೇಸ್ ಇಲ್ಲ, ಹರಿದ ಬಟ್ಟೆ ಬ್ಯಾಗು. ಮೆಟ್ರೋದಲ್ಲಿ ತಬ್ಬಿಕೊಂಡು ಬಂದೆ.

ಈಗ ಪ್ರಶ್ನೆ: ಆ ಜೆ ಪಿಕಪ್ಪಿಗೆ ಏನು ಮಾಡಲಿ?

ಮಲ್ನಾಡ್_ರಸಮಂಜರಿ

ಶಹಬ್ಬಾಸ್ ಮಾರಾಯ್ತಿ! ಎರಡು ಕಾರ್ಡಿನ ಸಂದಿ ದೊಡ್ಡ ರೋಗ ಏನಲ್ಲ. ಇನ್ನು ಒಂದು ವಾರ ರಾಡು ಮುಟ್ಟಬೇಡಿ. ಮರ ನಿಧಾನಕ್ಕೆ ಮಾತು ಕೇಳುತ್ತೆ, ಗದರಿದರೆ ಮುರಿಯುತ್ತೆ.

ಪಿಕಪ್ ಸತ್ತಿದೆ ಅಂತ ನಾನೂ ಪೂರ್ತಿ ಒಪ್ಪಲ್ಲ. ಹೊಸದು ತಗೊಳ್ಳೋಕೆ ಮೊದಲು ಹಿಂದಿನ ಮುಚ್ಚಳ ತೆಗೆದು ನೋಡಿ. ಜೆ ಪಿಕಪ್ಪಿಂದ ಬರೋ ಎರಡು ವೈರನ್ನ ಹುಡುಕಿ. ಅವು ಪಾಟಿಗೆ ಅಂಟಿರೋ ಜಾಗದಲ್ಲಿ ಬೆಸುಗೆ ಬಿಟ್ಟಿದೆಯಾ? ಬಿಟ್ಟಿಲ್ಲ ಅಂದರೆ ಆ ಎರಡು ವೈರಿಗೇ ನೇರ ಮೀಟರ್ ಮುಳ್ಳು ಇಡಿ. ಏಳೆಂಟು ಬಂದರೆ ಪಿಕಪ್ ಬದುಕಿದೆ, ತೊಂದರೆ ಬೇರೆ ಕಡೆ. ಏನೂ ಬರಲಿಲ್ಲ ಅಂದರೆ ಒಳಗಿನ ಸುರುಳಿ ತುಂಡಾಗಿದೆ. ಆ ತಾಮ್ರದ ತಂತಿ ಕೂದಲಿಗಿಂತ ಸಣ್ಣ, ಮತ್ತೆ ಸುತ್ತಿಸಬೇಕು. ಒಳಗೆ ಮುಟ್ಟೋ ಮುಂಚೆ ಎಲ್ಲ ಕೋನದಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ಬಟ್ಟೆ ಬ್ಯಾಗಲ್ಲಿ ಇನ್ನೊಂದು ಸಲ ತಿರುಗಾಡಬೇಡಿ. ಮಿಕ್ಕಿರೋ 14,000ದಲ್ಲಿ ಮೊದಲು ಕೇಸ್, ಆಮೇಲೆ ತಂತಿ.

ದಿವ್ಯಾ_ರಾಜಾಜಿನಗರ

ಮುಚ್ಚಳ ತೆಗೆದೆ. ಕಪ್ಪು ವೈರು ಗಾಳಿಯಲ್ಲಿ ನಿಂತಿತ್ತು. ವೈರಿಗೆ ಮೀಟರ್ ಇಟ್ಟರೆ 7.6. ಪಕ್ಕದ ಮನೆ ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷ, ಐರನ್ ತಂದು ಒಂದು ನಿಮಿಷದಲ್ಲಿ ಬೆಸೆದು, ಅಮ್ಮ ಕೊಟ್ಟ ಎರಡು ಕೋಡುಬಳೆ ತಿಂದು ಹೋದ. ಎರಡೂ ಪಿಕಪ್ ನುಡೀತಿವೆ.

ಒಂದು ಇರುಸುಮುರುಸು. ಒಂದು ಹನಿ ಸೀಸಕ್ಕೆ ಅವರಿಂದ ಅಷ್ಟು ಇಳಿಸಿಬಿಟ್ಟೆನಲ್ಲ. ಫೋನ್ ಮಾಡಿ ಹೇಳಲಾ?

ಹುಬ್ಬಳ್ಳಿ_ನಾಕ್_ತಂತಿ

ಅಕ್ಕಾರ, ವಯಸ್ಸಿನಾಗ ಆರು ವರ್ಷ ಸುಳ್ಳು ಹೇಳಿ ಮಾರಾಕ ಹತ್ತಿದ್ದ ಅಂವಾ. ಲೆಕ್ಕ ಸಮ ಆತು. ಫೋನ ಮಾಡ್ರಿ ಬೇಕಾರ, ಆದ್ರ ಕೇಸ್ ಐತೇನು ಅಂತ ಮೊದಲ ಕೇಳ್ರಿ.

ಶಿಯೊಜಿರಿ_ಕನ್ನಡಿಗ

ಬೆಸುಗೆ ಬಿಟ್ಟಿದೆಯಾ ಅಂತ ನೋಡೋದು ಮಾರೋರ ಕೆಲಸ, ಕೊಳ್ಳೋರದ್ದಲ್ಲ. ನೀವು ಮೋಸ ಮಾಡಿಲ್ಲ. ಆ ಒಂದು ಬೇರೆ ಕಿವಿಯ ಫೋಟೋ ಹಾಕ್ತೀರಾ? ಜಂಕ್ ಮೂಲೆಯಲ್ಲಿ ಜೋಡಿ ಸಿಕ್ಕರೆ ತೆಗೆದಿಡ್ತೀನಿ, ಡಿಸೆಂಬರಿನಲ್ಲಿ ಊರಿಗೆ ಬರ್ತಿದೀನಿ.

ದಿವ್ಯಾ_ರಾಜಾಜಿನಗರ

ಫೋನ್ ಮಾಡಿದೆ. ಬೆಸುಗೆ ವಿಷಯ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು ನಕ್ಕುಬಿಟ್ರು. ಕೇಸ್ ಇಲ್ಲವಂತೆ. ಆದರೆ ಒರಿಜಿನಲ್ ನಾಲ್ಕನೇ ಕಿವಿ ಅವರ ಮನೆ ಮೊಳೆ ಡಬ್ಬಿಯಲ್ಲಿ ಇದೆಯಂತೆ. ಹಲ್ಲು ಸವೆದಿದೆ ಅಂತ ಬಿಚ್ಚಿಟ್ಟಿದ್ರಂತೆ, ಬೇಕಾದರೆ ಬಂದು ತಗೊಂಡು ಹೋಗಿ ಅಂದ್ರು. ಭಾನುವಾರ ಹೋಗ್ತಿದೀನಿ. ಸರ್, ಹಲ್ಲು ಸವೆದ ಕಿವಿ ರಿಪೇರಿ ಆಗುತ್ತಾ?

ಮಲ್ನಾಡ್_ರಸಮಂಜರಿ

ಹಲ್ಲು ಸವೆದಿದ್ದರೆ ಆಗಲ್ಲ. ಆದರೂ ತಗೊಂಡು ಬನ್ನಿ. ಅದರ ತಿರುಪುಗಳು ಬೇಕಾಗ್ತವೆ.